ಗೂಟದಕ್ಕನ ಕೊನೆಯ ಸಭೆ

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಗೂಟದಕ್ಕ ಅಂತ. ಎದುರಿಗೂ ಅದೇ, ಬೆನ್ನ ಹಿಂದೆಯೂ ಅದೇ. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಂಜೆ ಬಿರುಗಾಳಿ ಎದ್ದು, ಮೈದಾನದಲ್ಲಿದ್ದ ಟೆಂಟುಗಳೆಲ್ಲ ಒಂದೊಂದಾಗಿ ಮೇಲೇಳಲು ಶುರುವಾದಾಗ ಗಂಡಸರು ಒಬ್ಬೊಬ್ಬರು ಒಂದೊಂದು ಹಗ್ಗ ಹಿಡಿದುಕೊಂಡು "ಅದನ್ನ ಹಿಡಿ, ಇದನ್ನ ಹಿಡಿ" ಅಂತ ಕೂಗಾಡುತ್ತಿದ್ದರು. ಇವಳು ಯಾರನ್ನೂ ಕೇಳದೆ ಸುತ್ತಿಗೆ ತಂದು, ಸಾಲಾಗಿ ಎಲ್ಲ ಗೂಟಗಳನ್ನೂ ಬಡಿದು ಕೂರಿಸುತ್ತಾ ಹೋದಳು. ಬೆಳಿಗ್ಗೆ ನೋಡಿದರೆ ಒಂದು ಟೆಂಟೂ ಹಾರಿರಲಿಲ್ಲ. "ಇವಳು ಹೊಡೆದ ಗೂಟ ಕೀಳೋಕೆ ಇನ್ನೊಂದು ಬಿರುಗಾಳಿನೇ ಬರ್ಬೇಕು" ಎಂದು ಮಾವ ಅವತ್ತು ಬಂದವರ ಮುಂದೆಲ್ಲ ಹೇಳಿಕೊಂಡು ತಿರುಗಿದರು. ಹೆಸರು ಅಂಟಿಕೊಂಡಿತು. ಆಮೇಲೆ ಅವಳಿಗೂ ತನ್ನ ಸ್ವಂತ ಹೆಸರಿನಲ್ಲಿ ಯಾರಾದರೂ ಕರೆದರೆ ಬೇರೆ ಯಾರನ್ನೋ ಕರೆದಂತೆ ಅನ್ನಿಸುತ್ತಿತ್ತು.

ಜಾಗ ಮಾವನದು, ಹೊಳೆಯ ಪಕ್ಕದ್ದು; ರಜಕ್ಕೆ ಬಂದವರು ಟೆಂಟು ಹಾಕಿಕೊಂಡು ತಂಗುವ ಕ್ಯಾಂಪು. ಹೆಸರು ಮಾತ್ರ ಕಂಪನಿಯದು. ಕಂಪನಿಯ ಬೋರ್ಡು ಹಾಕಿಕೊಂಡು ಕಂಪನಿಯ ನಿಯಮದಂತೆ ಕ್ಯಾಂಪು ನಡೆಸಬೇಕು. ನಲ್ಲಿ, ಸ್ನಾನದ ಕೋಣೆ, ಹುಲ್ಲು ಕತ್ತರಿಸುವುದು, ಸೌದೆ ಕಟ್ಟುವುದು, ಕಟ್ಟಿಕೊಂಡ ಪೈಪು ಬಿಡಿಸುವುದು ಎಲ್ಲ ತಮ್ಮದೇ. ಇಂಥ ಕ್ಯಾಂಪುಗಳು ಆ ಸುತ್ತಿನಲ್ಲಿ ಬೇಕಾದಷ್ಟಿದ್ದವು. ಎಲ್ಲದರ ಬಾಗಿಲಲ್ಲೂ ಹಸಿರು ಬಣ್ಣದ ಒಂದು ಗೂಬೆಯ ಚಿತ್ರ. "ಬೇರೆ ಯಾವ ಪ್ರಾಣಿಯೂ ಸಿಗ್ಲಿಲ್ವಾ ಇವ್ರಿಗೆ?" ಎಂದು ಅತ್ತೆ ಸಾಯುವ ತನಕ ಮೂಗು ಮುರಿದರು. ನಲ್ಲಿಯಲ್ಲಿ ನೀರು ಬಾರದಿದ್ದರೂ, ಮಳೆ ಬಂದು ರಜದವರು ಬಾರದಿದ್ದರೂ ಮನೆಯವರೆಲ್ಲ ಬೋರ್ಡಿನ ಕಡೆ ಕೈ ತೋರಿಸುತ್ತಿದ್ದರು. ಗೂಬೆ ಕೂರಿಸೋಕೆ ಗೂಬೆಯೇ ಸಿಕ್ಕಿದ ಮೇಲೆ ಇನ್ನೇನು ಬೇಕು!

ಸಂಘ ಹುಟ್ಟಿದ್ದು ಹೊಳೆ ಉಕ್ಕಿದ ವರ್ಷ. ನೀರು ಇಳಿದ ಮೇಲೆ ಮೈದಾನದ ತುಂಬ ಮೊಣಕಾಲುದ್ದ ಕೆಸರು, ಸ್ನಾನದ ಕೋಣೆಗಳಲ್ಲಿ ಸತ್ತ ಮೀನು, ಕಚೇರಿಯ ಮಾಡಿನ ಮೇಲೆ ಯಾರದೋ ದೋಣಿ. ಕಂಪನಿಗೆ ಫೋನು ಮಾಡಿದರೆ, "ಬೋರ್ಡಿಗೆ ಏನೂ ಆಗಿಲ್ಲ ತಾನೇ?" ಎಂದು ಕೇಳಿದರಂತೆ. ಮಾವ ಫೋನಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟರು. ಮಾರನೆಯ ದಿನ ಬೆಟ್ಟದ ಕ್ಯಾಂಪಿನ ಯಜಮಾನ ತನ್ನ ಹಳೇ ವ್ಯಾನಿನಲ್ಲಿ ಗುದ್ದಲಿ, ಬಕೆಟ್ಟು, ಪಂಪು ಹೇರಿಕೊಂಡು ಬಂದ. ಅವನ ಹಿಂದೆ ಕೆರೆ ಕ್ಯಾಂಪಿನವರು, ಆಮೇಲೆ ಕಾಡಂಚಿನವರು. ಯಾರು ಕರೆದರೋ ಯಾರಿಗೂ ಗೊತ್ತಿಲ್ಲ. ಕೆಸರು ಎತ್ತಿ ಎತ್ತಿ ಸೊಂಟ ಹಿಡಿದುಕೊಂಡು ಕೂತಾಗ ಬೆಟ್ಟದ ಕ್ಯಾಂಪಿನವನೇ ಹೇಳಿದ್ದು: "ಕಂಪನಿಗೆ ಬೋರ್ಡಿದೆ. ನಮ್ಗೆ ನಾವು ಇರೋಣ." ಅಲ್ಲಿಗೆ ಮಾಲೀಕರ ಸಂಘ ಆಯಿತು. ಅವನೇ ಅಧ್ಯಕ್ಷ. ಎಲ್ಲರ ಬಾಯಲ್ಲೂ ದೊಡ್ಡಣ್ಣ. ಗೂಟದಕ್ಕನ ಗಂಡ ಕಾರ್ಯದರ್ಶಿ.

ಕಾರ್ಯದರ್ಶಿ ಅಂದರೆ ಹೆಸರಿಗೆ ಗಂಡ, ಕೆಲಸಕ್ಕೆ ಹೆಂಡತಿ. ಯಾರ ಕ್ಯಾಂಪಿನಲ್ಲಿ ಪಂಪು ಕೆಟ್ಟಿದೆ, ಯಾರ ಹೆಂಡತಿಗೆ ಆಪರೇಷನ್ನು, ಯಾರಿಗೆ ಈ ಬೇಸಿಗೆ ಒಬ್ಬ ಆಳು ಬೇಕು, ಎಲ್ಲ ಅವಳ ನಾಲಗೆಯ ತುದಿಯಲ್ಲಿ. ಅವಳ ಗಂಡ ಮಾತು ಕಡಿಮೆಯ ಮನುಷ್ಯ. ಫೋನು ಬಂದರೆ "ಇರಿ, ಅವಳಿಗೇ ಕೊಡ್ತೀನಿ" ಎನ್ನುವುದೇ ಅವನ ಕಾರ್ಯದರ್ಶಿತನ. ಹೀಗೇ ನಡೆಯುತ್ತಿದ್ದಾಗ, ಕ್ಯಾಂಪು ತುಂಬಿ ತುಳುಕುತ್ತಿದ್ದ ಒಂದು ರಜದ ವಾರ, ಅವನು ಜ್ವರದಲ್ಲಿ ಮಲಗಿದ್ದವನು ಶೌಚಾಲಯದ ಗುಂಡಿ ಕಟ್ಟಿಕೊಂಡಿದೆ ಎಂದು ಯಾರೋ ಕೂಗಿದ್ದು ಕೇಳಿ ಎದ್ದುಹೋದ. ಮಳೆಯಲ್ಲಿ ನೆನೆದು, ಗುಂಡಿ ಬಿಡಿಸಿ, ಬಂದು ಮತ್ತೆ ಮಲಗಿದ. ಜ್ವರ ಎದೆಗೆ ಇಳಿಯಿತು. ಆ ವಾರ ಬಂದವರೆಲ್ಲ ಟೆಂಟು ಮಡಚಿಕೊಂಡು ಹೋಗುವ ಹೊತ್ತಿಗೆ ಅವನೂ ಹೋದ.

ಆಮೇಲೆ ಸಂಘದವರು ಗೂಟದಕ್ಕನನ್ನೇ ಕಾರ್ಯದರ್ಶಿ ಮಾಡಿದರು. ಅದರಲ್ಲಿ ಹೊಸದೇನೂ ಇರಲಿಲ್ಲ. ಕಂಪನಿ ಮಾತ್ರ, ಕ್ಯಾಂಪಿನ ಕರಾರು ಇನ್ನು ಮುಂದೆ ಸ್ವಲ್ಪ ಚಿಕ್ಕ ವಯಸ್ಸಿನವರ ಹೆಸರಿನಲ್ಲಿದ್ದರೆ ಒಳ್ಳೆಯದು ಎಂದಿತು. ಅವಳು ಮಗಳ ಹೆಸರು ಕೊಟ್ಟಳು. ಮಗಳು, ಅಳಿಯ, ಒಂದು ಮೊಮ್ಮಗು ಎಲ್ಲರೂ ಕಚೇರಿಯ ಹಿಂದಿನ ಮನೆಯಲ್ಲೇ ಇದ್ದರು. ಮನೆಯದು ಮನೆಯಲ್ಲೇ ಉಳಿಯಿತು, ಇದಕ್ಕೇನು ಯೋಚನೆ ಅಂದುಕೊಂಡಳು.

ಯೋಚನೆ ಬಂದದ್ದು ಕಂಪನಿಯೇ ಕೈ ಬದಲಾದಾಗ. ಹಳೇ ಕಂಪನಿ ಕಟ್ಟಿದವರ ಮಕ್ಕಳು ಅದನ್ನು ಇನ್ನೊಂದು ದೊಡ್ಡ ಕಂಪನಿಗೆ ಮಾರಿದರು. ಹೊಸ ಕಂಪನಿಯ ಕಡೆಯಿಂದ ಒಬ್ಬ ಬಂದ. ಯಾವಾಗಲೂ ನಗುತ್ತಿದ್ದ. ಚಹಾ ಕೊಟ್ಟರೆ ನಗು, ಬೈದರೆ ನಗು, ಕಾಲಿಗೆ ಜಿಗಣೆ ಹತ್ತಿದರೂ ನಗು. ಅವನಿಗೆ ಸಂಘದವರು ನಗುಮುಖ ಎಂದು ಹೆಸರಿಟ್ಟರು. ನಗುನಗುತ್ತಲೇ ಅವನು ಹೇಳಿದ: ಇನ್ನು ಟೆಂಟು ಬೇಡ, ಜನ ಈಗ ನೆಲದ ಮೇಲೆ ಮಲಗೋಲ್ಲ. ಎಲ್ಲ ಕ್ಯಾಂಪಿನಲ್ಲೂ ಒಂದೇ ಥರದ ಕಾಟೇಜು. ಬುಕಿಂಗೆಲ್ಲ ಫೋನಿನಲ್ಲಿ, ಗೇಟು ತಾನೇ ತೆರೆಯುತ್ತೆ, ತಾನೇ ಮುಚ್ಚುತ್ತೆ. ಮಾಲೀಕರು ಒಳಗೆ ವಾಸ ಇರಬೇಕಿಲ್ಲ.

"ಇರಬೇಕಿಲ್ಲವೋ, ಇರಬಾರದೋ?" ಎಂದು ಗೂಟದಕ್ಕ ಕೇಳಿದಳು.

"ನೀವು ಆರಾಮಾಗಿ ಇರಿ ಅಂತ ಅಮ್ಮಾ" ಎಂದು ನಗುಮುಖ ನಕ್ಕ.

ಒಪ್ಪಿದವರು ಹೊಸ ಕರಾರಿಗೆ ಸಹಿ ಹಾಕಿ ಜಾಗವನ್ನು ಕಂಪನಿಯ ಕೈಗೆ ಬಿಡಬೇಕು; ಕಾಟೇಜು ಕಟ್ಟಿದ ಖರ್ಚು ತೀರುವ ತನಕ ಬಾಡಿಗೆಯೂ ಇಲ್ಲ. ಒಪ್ಪದವರು ಬೋರ್ಡು ಇಳಿಸಬೇಕು. ಬೋರ್ಡು ಇಲ್ಲದ ಕ್ಯಾಂಪಿಗೆ ಈಗಿನ ಕಾಲದಲ್ಲಿ ನಾಯಿಯೂ ಬರೋಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಆದರೆ ಎಲ್ಲರೂ ಒಟ್ಟಿಗೇ ಒಪ್ಪದೆ ಕೂತರೆ? ಬೋರ್ಡು ಹಿಡಿದುಕೊಂಡು ಕಂಪನಿ ಏನು ಮಾಡುತ್ತೆ, ತಲೆಯ ಮೇಲೆ ಹೊತ್ತುಕೊಂಡು ತಿರುಗುತ್ತಾ? ಇದು ಗೂಟದಕ್ಕನ ವಾದ. ಎಲ್ಲರಿಗೂ ಫೋನು ಮಾಡಿ ಹೇಳಿದಳು. ಎಲ್ಲರೂ "ಹೌದಕ್ಕಾ, ನೀವು ಹೇಳೋದು ಸರಿ" ಅಂದರು. ಅಷ್ಟು ಸಲೀಸಾಗಿ ಎಲ್ಲರೂ ಸರಿ ಅಂದದ್ದೇ ಅವಳಿಗೆ ಅನುಮಾನ ತರಬೇಕಿತ್ತು. ತರಲಿಲ್ಲ.

ವಾರ್ಷಿಕ ಸಭೆ ಹತ್ತಿರ ಬಂದಾಗ ದೊಡ್ಡಣ್ಣ ಕ್ಯಾಂಪಿಗೆ ಬಂದ. ಈಗ ಅವನಿಗೆ ಕೋಲು ಬೇಕಾಗಿತ್ತು. ವ್ಯಾನು ಮಾತ್ರ ತಾನೇ ಓಡಿಸುತ್ತಿದ್ದ.

"ಈ ಸಲ ಸಭೇಲಿ ನೀನು ಮಾತಾಡ್ಬೇಕು ತಂಗಿ. ವಿಷಯ, ಬದಲಾವಣೆ ಮತ್ತು ನಿರಂತರತೆ ಅಂತ ಇಟ್ಟಿದ್ದೀವಿ."

"ಅಣ್ಣಾ, ಆ ಎರಡನೇ ಪದ ನನ್ನ ಬಾಯಲ್ಲಿ ಹೊರಳೋದೇ ಇಲ್ಲ."

"ಮೊದಲನೇದು ಹೊರಳುತ್ತಲ್ಲ, ಸಾಕು. ಎರಡನೇದು ಎಲ್ಲಿದೆ ಈಗ, ಮಾತಾಡೋಕೆ?"

ಇಬ್ಬರೂ ನಕ್ಕರು. ಹೋಗುವಾಗ ಅವನು ವ್ಯಾನಿನ ಬಾಗಿಲು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ. "ಏನು ಮಾತಾಡ್ಬೇಕು ಅಂತ ಮಗಳ ಹತ್ರ ಕೂತು ಕೇಳು. ಮರೀಬೇಡ" ಎಂದ.

ಅವಳು ಮರೆಯಲಿಲ್ಲ. ಮಗಳು ಒಗೆದ ಹೊದಿಕೆಗಳನ್ನು ಮಡಚುತ್ತಿದ್ದಳು. ಇವಳು ಇನ್ನೊಂದು ತುದಿ ಹಿಡಿದುಕೊಂಡು, "ಪ್ರವಾಹದಿಂದ ಶುರು ಮಾಡ್ಲಾ, ಇಲ್ಲ ನಿಮ್ಮಪ್ಪನಿಂದ ಶುರು ಮಾಡ್ಲಾ?" ಎಂದು ಕೇಳಿದಳು. ಮಗಳು ಹೊದಿಕೆಯ ಅಂಚನ್ನು ಅಂಚಿಗೆ ಸೇರಿಸಿ, ಬೆರಳಲ್ಲಿ ಒತ್ತಿ, "ಯಾವುದಾದ್ರೂ ಸರಿ ಅಮ್ಮ" ಎಂದಳು. ಏನೋ ಹೇಳಲು ಬಾಯಿ ತೆರೆದಂತೆ ಕಂಡಿತು. ಅಷ್ಟರಲ್ಲಿ ಕಚೇರಿಯ ಗಂಟೆ ಬಾರಿಸಿತು; ಬಂದವರಿಗೆ ಜಾಗ ತೋರಿಸಲು ಮಗಳು ಎದ್ದುಹೋದಳು.

ಸಭೆ ಆದದ್ದು ಕೆರೆ ಕ್ಯಾಂಪಿನ ಊಟದ ಕೋಣೆಯಲ್ಲಿ. ಉದ್ದ ಬೆಂಚುಗಳನ್ನು ಒಂದೇ ಕಡೆಗೆ ತಿರುಗಿಸಿ ಹಾಕಿದ್ದರು. ಹಿಂದಿನ ಸಾಲಿನಲ್ಲಿ ನಗುಮುಖ ಕೂತಿದ್ದ. ಸಂಘದ ಸಭೆಗೆ ಕಂಪನಿಯವರು ಬಂದದ್ದು ಅದೇ ಮೊದಲು. ಅವನನ್ನು ಕರೆದವರು ಯಾರು ಎಂದು ಗೂಟದಕ್ಕ ಕೇಳಿದರೆ, ಕೇಳಿಸಿಕೊಂಡವರೆಲ್ಲ ಪಕ್ಕದವರ ಮುಖ ನೋಡಿದರು. ಮಗಳು ಬಂದಿರಲಿಲ್ಲ. ಮಗುವಿಗೆ ಹೊಟ್ಟೆನೋವು ಅಂದಿದ್ದಳು.

ಅವಳ ಸರದಿ ಬಂದಾಗ ಎದ್ದು ನಿಂತು ಮೇಜನ್ನು ಹಿಡಿದುಕೊಂಡಳು. ಎದುರಿಗೆ ಕೂತ ಮುಖಗಳನ್ನು ನೋಡಿದಳು. ಇವರೆಲ್ಲ ತನ್ನ ಮನೆಯ ಕೆಸರು ಹೊತ್ತವರು. ಮಾತು ತಾನಾಗಿ ಬಂತು.

"ನಂಗೆ ಭಾಷಣ ಬರೋಲ್ಲ. ಬದಲಾವಣೆ ಬೇಡ ಅಂತ ನಾನು ಹೇಳೋದೂ ಇಲ್ಲ. ಸೌದೆ ಒಲೆ ಹೋಗಿ ಗ್ಯಾಸ್ ಬಂದಾಗ ನಾನೇ ಮೊದಲು ಹಾಕಿಸಿದ್ದು. ಬಿಸಿನೀರಿಗೆ ಬಾಯ್ಲರ್ ಬಂದಾಗ ಕುಣಿದಾಡಿಬಿಟ್ಟಿದ್ದೆ. ಆದ್ರೆ ಜನ ಬಂದು ಗೇಟಲ್ಲಿ ನಿಂತಾಗ ಒಳಗಿಂದ ಒಬ್ಬರು ಎದ್ದು ಬಂದು, ಬನ್ನಿ, ದಾರಿ ಸರಿಯಾಗಿ ಸಿಕ್ತಾ ಅಂತ ಕೇಳ್ಬೇಕು. ಅದೊಂದು ಹೋದ್ರೆ ನಾವು ಯಾರು? ನಮ್ಮ ಮನೆಯವರು ಸತ್ತಾಗ ಕಂಪನಿಯಿಂದ ಒಂದು ಹೂವಿನ ಗುಚ್ಛ ಬಂತು. ನೀವು ಬಂದು ನಮ್ಮ ಶೌಚಾಲಯ ತೊಳೆದ್ರಿ, ಒಂದು ತಿಂಗಳು. ನಾನು ಅದನ್ನ ಮರೆತಿಲ್ಲ. ಅದಕ್ಕೇ ಕೇಳ್ತೀನಿ. ಯಾರೂ ಒಬ್ಬೊಬ್ಬರೇ ಹೋಗಿ ಸಹಿ ಹಾಕ್ಬೇಡಿ. ಹಾಕೋದಾದ್ರೆ ಎಲ್ಲರೂ ಹಾಕೋಣ, ಬೇಡ ಅಂದ್ರೆ ಎಲ್ಲರೂ ಬೇಡ ಅನ್ನೋಣ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ನಗುಮುಖ ಅವತ್ತು ಮೊದಲ ಬಾರಿಗೆ ನಗುತ್ತಿರಲಿಲ್ಲ. ತಲೆ ತಗ್ಗಿಸಿಕೊಂಡು ತನ್ನ ಉಗುರು ನೋಡುತ್ತಿದ್ದ.

ಕೆರೆ ಕ್ಯಾಂಪಿನವನು ನಿಧಾನವಾಗಿ ಎದ್ದ. ಒಳ್ಳೆಯ ಮನುಷ್ಯ, ಅವಳ ಗಂಡನ ಜೊತೆ ಮೀನು ಹಿಡಿಯಲು ಹೋಗುತ್ತಿದ್ದವನು.

"ಅಕ್ಕಾ, ನಿಮ್ಮ ಮೇಲೆ ನಂಗೆ ಒಂದಿಷ್ಟೂ ಬೇಜಾರಿಲ್ಲ. ಆದ್ರೆ ನಿಮ್ಮ ಮನೇಲೇ ಸಹಿ ಆಗಿರೋವಾಗ ನಮ್ಗೆ ಹೀಗಂದ್ರೆ, ನಾವು ಏನು ಅಂದ್ಕೋಬೇಕು?"

"ಯಾರ ಮನೇಲಿ?" ಎಂದಳು ಗೂಟದಕ್ಕ. ಅವಳಿಗೆ ನಗುವೇ ಬಂತು, ಅವನು ಯಾರನ್ನೋ ಯಾರೆಂದೋ ತಿಳಿದಿದ್ದಾನೆ ಅಂತ.

"ನಿಮ್ಮನೇಲಕ್ಕ. ನಿಮ್ಮ ಮಗಳು. ಎಲ್ಲರಿಗಿಂತ ಮೊದಲು ಹಾಕಿದ್ದೇ ಅವ್ರು. ನೀವು ಹೇಳೇ ಹಾಕ್ಸಿದ್ದೀರ ಅಂದ್ಕೊಂಡು ನಾವೂ ಹಾಕಿದ್ವಿ. ಆಮೇಲೆ ನೀವು ಫೋನು ಮಾಡಿದಾಗ, ಹಾಕಾಯ್ತು ಅಂತ ಹೇಳೋದು ಹೇಗೆ ಅಂತ ಸರಿ ಅಂದ್ಬಿಟ್ವಿ."

ಅವಳು ದೊಡ್ಡಣ್ಣನ ಕಡೆ ನೋಡಿದಳು. ಅವನು ಕೋಲಿನ ಹಿಡಿಯ ಮೇಲೆ ಗಲ್ಲ ಇಟ್ಟುಕೊಂಡು ಕಣ್ಣು ಮುಚ್ಚಿದ್ದ. ಆಗ ಅವಳಿಗೆ ತಿಳಿಯಿತು, ಈ ಕೋಣೆಯಲ್ಲಿ ಗೊತ್ತಿಲ್ಲದೆ ಇದ್ದವಳು ತಾನೊಬ್ಬಳೇ ಎಂದು. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನು ಹೋಗಿ ಬಚ್ಚಲಲ್ಲಿ ಬಿತ್ತಂತೆ. ಅವಳು ಕೂರಬೇಕೋ ನಿಲ್ಲಬೇಕೋ ತಿಳಿಯದೆ ಮೇಜಿನ ಮೇಲಿದ್ದ ಲೋಟವನ್ನು ಎತ್ತಿ, ನೀರು ಕುಡಿಯದೆ, ಮತ್ತೆ ಅಲ್ಲೇ ಇಟ್ಟಳು.

ಆಮೇಲಿನದು ಬೇಗ ಮುಗಿಯಿತು. ಸಂಘವನ್ನು ನಿಲ್ಲಿಸಿ, ಕಂಪನಿಯ ಒಳಗೇ ಒಂದು 'ಪಾಲುದಾರರ ವೇದಿಕೆ' ಮಾಡಿಕೊಳ್ಳುವುದು ಎಂದು ಯಾರೋ ಓದಿದರು. ಒಪ್ಪಿದವರು ಕೈ ಎತ್ತಿ ಅಂದರು. ಕೈ ಎಣಿಸುವುದು ಕಾರ್ಯದರ್ಶಿಯ ಕೆಲಸ. ಅವಳು ಎಣಿಸಲು ಎದ್ದಳು. ಒಬ್ಬೊಬ್ಬರ ಕೈಯೂ ಅವಳಿಗೆ ಗೊತ್ತಿತ್ತು. ಗರಗಸ ತಾಗಿ ಬೆರಳು ಹೋದ ಕೈ, ಹೆರಿಗೆಯ ಹೊತ್ತಲ್ಲಿ ತನ್ನ ಕೈ ಹಿಡಿದುಕೊಂಡಿದ್ದ ಕಾಡಂಚಿನ ಕ್ಯಾಂಪಿನವಳ ಕೈ. ಅರ್ಧಕ್ಕೆ ಲೆಕ್ಕ ತಪ್ಪಿತು. ಮತ್ತೆ ಎಣಿಸುವ ಅಗತ್ಯವೂ ಇರಲಿಲ್ಲ.

ದೊಡ್ಡಣ್ಣನ ವ್ಯಾನಿನಲ್ಲಿ ಮನೆಗೆ ಬರುವಾಗ ಅರ್ಧ ದಾರಿಯಲ್ಲಿ ಅವಳು ಕೇಳಿದಳು.

"ನಿಮ್ಗೆ ಯಾವಾಗಿಂದ ಗೊತ್ತಿತ್ತು ಅಣ್ಣಾ?"

"ಅವಳೇ ಬಂದು ಹೇಳಿದ್ಲು. ಅಮ್ಮಂಗೆ ನೀವೇ ಹೇಳ್ಬಿಡಿ ದೊಡ್ಡಪ್ಪ ಅಂತ ಅತ್ಲು. ನಂಗೆ ಬಾಯಿ ಬರ್ಲಿಲ್ಲ ತಂಗಿ. ಭಾಷಣ ಅಂತ ಹೇಳಿದ್ರೆ ಅವಳ ಹತ್ರ ಕೂತು ಮಾತಾಡ್ತೀಯ, ಆಗ ಅವಳೇ ಹೇಳ್ತಾಳೆ ಅಂದ್ಕೊಂಡೆ."

"ಅಂದ್ಕೊಂಡ್ರಿ."

"ಬೆಳಿಗ್ಗೆ ನಿನ್ನನ್ನ ಹತ್ತಿಸ್ಕೊಂಡಾಗ್ಲೂ ಹೇಳ್ಬೇಕು ಅಂತಿದ್ದೆ. ನೀನು ಬಾಯಲ್ಲೇ ಅಭ್ಯಾಸ ಮಾಡ್ತಾ ಕೂತಿದ್ದೆ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೇಳಿದ್ದರೆ ತಾನು ಏನು ಮಾಡುತ್ತಿದ್ದೆ ಎಂದು ಯೋಚಿಸಿದಳು. ಏನೂ ಮಾಡುತ್ತಿರಲಿಲ್ಲ. ಮನೆಯಲ್ಲಿ ಕೂತಿರುತ್ತಿದ್ದಳು, ಅಷ್ಟೇ. ಮಾನ ಉಳಿಯುತ್ತಿತ್ತು.

ಮಗಳು ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಅಮ್ಮನ ಮುಖ ನೋಡಿದ ಕೂಡಲೇ ನಲ್ಲಿ ನಿಲ್ಲಿಸಿದಳು. ಅಳಿಯ "ಅತ್ತೆ, ಅದು..." ಎಂದು ಶುರು ಮಾಡಿದ. ಮಗಳು ಕಣ್ಣಲ್ಲೇ ಅವನನ್ನು ಹೊರಗೆ ಕಳಿಸಿದಳು.

"ಒಂದು ಮಾತು ಹೇಳ್ಬಾರದಿತ್ತಾ?" ಎಂದಳು ಗೂಟದಕ್ಕ.

"ಹೇಳಿದ್ರೆ ನೀನು ಒಪ್ತಿದ್ಯಾ?"

"ಒಪ್ತಿರ್ಲಿಲ್ಲ."

"ಮತ್ತೆ?"

ಮಗಳು ಕೈ ಒರೆಸಿಕೊಂಡು ಕೂತಳು. ಅವಳ ಮಾತು ಜಗಳದ ಮಾತಾಗಿರಲಿಲ್ಲ. ಬಹಳ ದಿನ ಒಳಗೇ ಕುದಿಸಿ ಕುದಿಸಿ ಇಂಗಿಹೋದ ಮಾತಾಗಿತ್ತು. "ಅಮ್ಮ, ನಾನು ಹುಟ್ಟಿದ್ದು ಇಲ್ಲೇ. ಒಂದು ಬೇಸಿಗೆನಾದ್ರೂ ನಾವು ಎಲ್ಲಿಗಾದ್ರೂ ಹೋಗಿದ್ವಾ? ಜಗತ್ತೆಲ್ಲ ರಜಕ್ಕೆ ಇಲ್ಲಿಗೆ ಬರ್ತಿತ್ತು. ನಂಗೆ ರಜ ಅಂದ್ರೆ ಸ್ನಾನದ ಕೋಣೆ ತೊಳೆಯೋ ಕಾಲ. ಸ್ಕೂಲಲ್ಲಿ ರಜದ ಬಗ್ಗೆ ಬರೀರಿ ಅಂದ್ರೆ ಬೇರೆಯವರ ರಜ ಬರೀತಿದ್ದೆ. ಅಪ್ಪ ಹೇಗೆ ಹೋದ್ರು, ನೀನೇ ಹೇಳು. ಜ್ವರದಲ್ಲಿ, ಯಾರದೋ ಗುಂಡಿ ಬಿಡಿಸಿ. ನೀನು ಅದನ್ನ ದೊಡ್ಡ ವಿಷಯ ಅನ್ನೋ ಹಾಗೆ ಎಲ್ಲರಿಗೂ ಹೇಳ್ತೀಯ. ನಂಗೆ ಅದು ಕೇಳಿದ್ರೆ ಮೈ ಉರಿಯುತ್ತೆ. ನನ್ನ ಗಂಡನೂ ಹಾಗೇ ಹೋಗೋದು ಬೇಡ."

ಗೂಟದಕ್ಕನಿಗೆ ಕೋಪ ಬಂದಿದ್ದರೆ ಚೆನ್ನಾಗಿತ್ತು. ಬಂದದ್ದು ಕೋಪವಲ್ಲ. ಮಗಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ, ತಾನು ಸಭೆಯಲ್ಲಿ ಹೇಳಿದ್ದರಲ್ಲೂ ಇರಲಿಲ್ಲ. ಹಾಗಿದ್ದರೆ ಯಾರನ್ನು ಬೈಯುವುದು? ಎದ್ದು ಹೋಗಿ ಮಗಳು ಅರ್ಧಕ್ಕೆ ಬಿಟ್ಟ ಪಾತ್ರೆಗಳನ್ನು ತಾನೇ ತೊಳೆದಿಟ್ಟಳು.

ರಜದ ಕಾಲ ಮುಗಿದದ್ದೇ ತಡ, ಯಂತ್ರಗಳು ಬಂದವು. ಹೊಳೆಬದಿಯ ಮರಗಳನ್ನು ಕಡಿದರು, ಬೇರುಗಳು ಕಾಟೇಜಿನ ಅಡಿಪಾಯಕ್ಕೆ ತೊಂದರೆ ಮಾಡುತ್ತವೆ ಎಂದು. ಮೈದಾನವನ್ನು ಒಂದೇ ಮಟ್ಟಕ್ಕೆ ಕೆತ್ತಿ ಜಲ್ಲಿ ಹಾಸಿದರು. ಗೂಬೆಯ ಬೋರ್ಡು ಇಳಿಸಿ ಇನ್ನೇನೋ ಏರಿಸಿದರು. ಎಲೆಯೋ, ಹನಿಯೋ, ಬೆಂಕಿಯ ನಾಲಗೆಯೋ, ಯಾವುದೆಂದು ಯಾರಿಗೂ ಹೇಳಲಾಗಲಿಲ್ಲ. ಕಚೇರಿ ಮತ್ತು ಅದರ ಹಿಂದಿನ ಮನೆಯನ್ನು ಒಡೆಯುವ ದಿನ ಗೂಟದಕ್ಕ ನೋಡಲು ಹೋಗಲಿಲ್ಲ. ಅಷ್ಟರಲ್ಲಾಗಲೇ ಪೇಟೆಯಲ್ಲಿ ಮೂರನೇ ಮಹಡಿಯ ಒಂದು ಬಾಡಿಗೆ ಮನೆಗೆ ಬಂದಿದ್ದರು. ಆ ಮನೆಯ ಕಿಟಕಿ ತೆರೆದರೆ ಎದುರು ಕಟ್ಟಡದವರ ಬಚ್ಚಲಿನ ಕಿಟಕಿ. ಮಗಳಿಗೆ ಕಂಪನಿಯೇ ಕ್ಯಾಂಪಿನ ಮ್ಯಾನೇಜರ್ ಕೆಲಸ ಕೊಟ್ಟಿತು. ತನ್ನದೇ ಜಾಗಕ್ಕೆ ಅವಳು ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬಸ್ಸು ಹತ್ತಿ ಬರುತ್ತಿದ್ದಳು. ಕಾಟೇಜಿನ ಹಾಸಿಗೆ ಬಟ್ಟೆ ಬದಲಿಸಲು ಜನ ಸಾಲದಾಗ ಅಮ್ಮನನ್ನೂ ಸೇರಿಸಿಕೊಂಡಳು. ಅಮ್ಮನಿಗೆ ಒಂದು ನೀಲಿ ಕೋಟು ಕೊಟ್ಟರು, ಎದೆಯ ಮೇಲೆ 'ಸಹಾಯಕಿ' ಎಂದು ಹೊಲಿದದ್ದು. ಅವಳು ಮರುಮಾತಿಲ್ಲದೆ ಹಾಕಿಕೊಂಡಳು. ಮಾತಾಡುವುದೇ ಅವಳಲ್ಲಿ ಕಡಿಮೆಯಾಗಿತ್ತು. ಹಿಂದೆ ಅವಳ ಗಂಡ ಇದ್ದಂತೆ ಈಗ ಅವಳಿದ್ದಳು.

ಒಂದು ಮಧ್ಯಾಹ್ನ ಗೇಟಿನ ಹೊರಗೆ ಒಂದು ಹಳೇ ಕಾರು ನಿಂತಿತು. ಮಾಡಿನ ಮೇಲೆ ಹಗ್ಗ ಬಿಗಿದು ಕಟ್ಟಿದ ಟೆಂಟಿನ ಗಂಟು. ಗೂಟದಕ್ಕ ಕೈಯಲ್ಲಿ ಒಗೆಯುವ ಬಟ್ಟೆಯ ಬುಟ್ಟಿ ಹಿಡಿದೇ ಓಡಿದಳು. ನಿವೃತ್ತ ರೈಲ್ವೆ ಗಾರ್ಡು, ಪಕ್ಕದಲ್ಲಿ ಅವನ ಹೆಂಡತಿ. ಪ್ರತಿ ವರ್ಷ ಬರುತ್ತಿದ್ದ ಜೋಡಿ. ಹಿಂದಿನ ವರ್ಷ ಹೆಂಡತಿಯ ಕಣ್ಣಿನ ಆಪರೇಷನ್ನು ಎಂದು ಬಂದಿರಲಿಲ್ಲ.

"ಏನಕ್ಕಾ ಇದು, ಗೇಟು ತೆಗೀತಾನೇ ಇಲ್ಲ. ಯಾವುದೋ ನಂಬರ್ ಕೇಳ್ತಿದೆ" ಎಂದ ಗಾರ್ಡು. "ಇವಳು ಹಟ ಹಿಡಿದಿದ್ದಾಳೆ. ಆಪರೇಷನ್ ಸರಿಯಾಗಿದೆಯೋ ಇಲ್ಲವೋ ಹೊಳೆ ನೋಡಿಯೇ ಗೊತ್ತಾಗೋದು ಅಂತ."

ಗೂಟದಕ್ಕ ಗೇಟಿನ ಪಕ್ಕದ ಗುಂಡಿ ಒತ್ತಿದಳು. ಒಂದು ಹೆಣ್ಣು ಧ್ವನಿ ಸ್ವಾಗತ ಹೇಳಿ, ಬುಕಿಂಗ್ ಸಂಖ್ಯೆ ಹೇಳಿ ಎಂದಿತು. ಇವಳು "ನಮ್ಮ ಹಳೇ ಜನ, ಗೇಟು ತೆಗೀರಿ" ಎಂದಳು. ಧ್ವನಿ ಮತ್ತೆ ಸ್ವಾಗತ ಹೇಳಿತು. ಗೋಡೆಗೆ ಹೇಳಿದರೂ ಒಂದೇ. ಮಗಳು ಅವತ್ತು ಕಂಪನಿಯ ಸಭೆಗೆ ಹೋಗಿದ್ದಳು. ಫೋನು ಎತ್ತಲಿಲ್ಲ.

ಕೆಲಸದವರು ಕಸ ಹೊರಹಾಕುವ ಚಿಕ್ಕ ಬಾಗಿಲೊಂದು ಬೇಲಿಯ ಪಕ್ಕದಲ್ಲಿತ್ತು. ಅದರ ಬೀಗದ ಕೈ ಅವಳ ಕೋಟಿನ ಜೇಬಿನಲ್ಲೇ ಇತ್ತು. ಹೊರಗಿನವರನ್ನು ಆ ಬಾಗಿಲಿನಿಂದ ಒಳಗೆ ಬಿಡಬಾರದೆಂದು ಮಗಳು ಖಡಾಖಂಡಿತವಾಗಿ ಹೇಳಿದ್ದಳು. ಗೂಟದಕ್ಕ ಬುಟ್ಟಿ ಕೆಳಗಿಟ್ಟು ಬಾಗಿಲು ತೆಗೆದಳು. "ಬನ್ನಿ" ಎಂದಳು. "ದಾರಿ ಸರಿಯಾಗಿ ಸಿಕ್ತಾ?"

ಮೂವರೂ ಕಾಟೇಜುಗಳ ಸಂದಿಯಲ್ಲಿ ಒಬ್ಬರ ಹಿಂದೊಬ್ಬರು ನಡೆದು ಹೊಳೆಯ ದಂಡೆಗೆ ಬಂದರು. ಕೂರಲು ನೆರಳಿರಲಿಲ್ಲ. ಗಾರ್ಡು ಟವೆಲ್ಲು ಹಾಸಿ ಹೆಂಡತಿಯನ್ನು ಕೂರಿಸಿದ. ಅವಳು ಬಹಳ ಹೊತ್ತು ಆಚೆ ಈಚೆ ನೋಡಿದಳು. ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಗಂಡನ ತೋಳು ಮುಟ್ಟಿ ಮೆತ್ತಗೆ ಹೇಳಿದಳು:

"ಸರಿಯಾಗಿಲ್ಲ ಅಂತ ಕಾಣುತ್ತೆ ರೀ. ಹೊಳೆ ಕಾಣ್ತಿದೆ. ಮರ ಒಂದೂ ಕಾಣ್ತಿಲ್ಲ."

ಗಾರ್ಡು ಗೂಟದಕ್ಕನ ಮುಖ ನೋಡಿದ. ಗೂಟದಕ್ಕ ನೀರು ನೋಡಿದಳು. ಫ್ಲಾಸ್ಕಿನಲ್ಲಿದ್ದ ಚಹಾವನ್ನು ಮೂವರೂ ಹಂಚಿಕೊಂಡು ಕುಡಿದು, ಬಂದ ದಾರಿಯಲ್ಲೇ ವಾಪಸು ಹೋದರು. ಕಾರು ತಿರುಗಿಸುವಾಗ ಗಾರ್ಡು, "ಬರ್ತೀವಿ ಅಕ್ಕಾ" ಎಂದು ಕಿಟಕಿಯ ಗಾಜು ಏರಿಸಿದ.

ಕಸದ ಬಾಗಿಲ ಮೇಲೆ ಕ್ಯಾಮೆರಾ ಇತ್ತು. ಅದು ಗೂಟದಕ್ಕನಿಗೂ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ಸಣ್ಣ ವಿಷಯವನ್ನು ಯಾರು ಕೂತು ನೋಡುತ್ತಾರೆ ಎಂದುಕೊಂಡಿದ್ದಳು. ನೋಡಿದರು. ವಾರದೊಳಗೆ ನಗುಮುಖ ಬಂದು, ಬುಕಿಂಗ್ ಇಲ್ಲದವರನ್ನು ಮ್ಯಾನೇಜರಿನ ತಾಯಿಯೇ ಕದ್ದು ಒಳಗೆ ಬಿಟ್ಟರೆ ಹೇಗೆ ಎಂದು ಕೇಳಿದ. ಸಹಾಯಕಿಯನ್ನು ತೆಗೆದರೆ ಸಾಲದಂತೆ, ಮೇಲಿನವರು ಮ್ಯಾನೇಜರ್ ಮೇಲೆ ನಂಬಿಕೆ ಕಳೆದುಕೊಂಡಿದ್ದಾರಂತೆ. ಹಾಗೆಂದು ನಗುತ್ತಲೇ ಹೇಳಿದ. ತಪ್ಪು ನನ್ನದು, ಅವಳದಲ್ಲ ಎಂದು ಗೂಟದಕ್ಕ ಅವನ ಹಿಂದೆಯೇ ಕಾರಿನ ತನಕ ಹೋದಳು. ಬದುಕಿನಲ್ಲಿ ಯಾರ ಮುಂದೆಯೂ ಕೈ ಜೋಡಿಸದವಳು ಅವನ ಮುಂದೆ ಜೋಡಿಸಿದಳು. "ಅಯ್ಯೋ, ನೀವು ದೊಡ್ಡವರು, ಹೀಗೆಲ್ಲ ಮಾಡ್ಬಾರ್ದು" ಎಂದು ಅವನು ಅವಳ ಕೈಗಳನ್ನು ಬಿಡಿಸಿ ಕಾರು ಹತ್ತಿದ. ಕಂಪನಿಯ ಪಾಲುದಾರರ ವೇದಿಕೆಗೆ ದೂರು ಕೊಡಬಹುದು ಎಂದು ಯಾರೋ ಹೇಳಿದರು. ಗೂಟದಕ್ಕ ಕೆರೆ ಕ್ಯಾಂಪಿನವನಿಗೆ ಫೋನು ಮಾಡಿದಳು. ವೇದಿಕೆ ಇನ್ನೂ ಒಂದು ಸಲವೂ ಸೇರಿಲ್ಲ ಎಂದ ಅವನು. ತನ್ನನ್ನೂ ತೆಗೆಯುತ್ತಾರೆ ಎಂದು ಕಾಣುತ್ತದೆ ಎಂದೂ ಹೇಳಿದ. ದೊಡ್ಡಣ್ಣನಿಗೆ ಹೇಳೋಣವೆಂದರೆ ಅವನು ಆಸ್ಪತ್ರೆಯಲ್ಲಿ ಮಲಗಿದ್ದ. ಬಂದವರನ್ನೆಲ್ಲ ಯಾವ ಕ್ಯಾಂಪಿನವರು ಎಂದು ಕೇಳುತ್ತಿದ್ದನಂತೆ.

ಅಳಿಯ ಈಗ ಒಂದು ಗೋದಾಮಿನಲ್ಲಿ ಲಾರಿಗೆ ಪೆಟ್ಟಿಗೆ ಏರಿಸುತ್ತಾನೆ. ಮಗಳು ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಬೆಳಿಗ್ಗೆಯಿಂದ ನಿಂತೇ ಇರುತ್ತಾಳೆ. ಸಂಜೆ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂರುತ್ತಾಳೆ. ಕೆಲಸ ಹೋದ ದಿನದಿಂದ ಒಂದು ಕಟುವಾದ ಮಾತೂ ಅವಳ ಬಾಯಿಂದ ಬಂದಿಲ್ಲ. ಗೂಟದಕ್ಕ ಅದಕ್ಕಾಗಿಯೇ ಕಾಯುತ್ತಿದ್ದಳು, ಬಂದರೆ ಎದೆಯ ಭಾರ ಸ್ವಲ್ಪ ಇಳಿದೀತು ಎಂದು. ಒಂದು ಸಂಜೆ ತಾನೇ ಬಾಯಿಬಿಟ್ಟಳು.

"ನನ್ನನ್ನ ಒಂದ್ಸಲ ಬೈದುಬಿಡೇ. ನಿನ್ನ ಕೆಲಸ ತೆಗೆದವಳು ನಾನೇ ಅಲ್ವಾ."

ಮಗಳು ಬಕೆಟ್ಟಿನ ನೀರಿನಲ್ಲಿ ಕಾಲ ಬೆರಳುಗಳನ್ನು ಅಲ್ಲಾಡಿಸುತ್ತಾ ಕೂತಿದ್ದಳು. ಮಗು ಒಳಗೆ ಏನೋ ಬಾಯಿಪಾಠ ಮಾಡುತ್ತಿತ್ತು.

"ಬೈಯೋಕೆ ನಂಗೇನಮ್ಮ ಹಕ್ಕಿದೆ" ಎಂದಳು ಮಗಳು. ಕಾಲನ್ನು ಬಕೆಟ್ಟಿನಿಂದ ಎತ್ತಿ, "ನೀರು ಆರಿಹೋಯ್ತು. ಇನ್ನೊಂದು ಚೂರು ಬಿಸಿ ಮಾಡ್ತೀಯಾ?" ಎಂದಳು.

ಗೂಟದಕ್ಕ ಪಾತ್ರೆಯಲ್ಲಿ ನೀರಿಟ್ಟು ಒಲೆ ಹಚ್ಚಿದಳು. ಕುದಿಯುವ ತನಕ ಅಲ್ಲೇ, ಕಿಟಕಿಗೆ ಬೆನ್ನು ಮಾಡಿ ನಿಂತಿದ್ದಳು.